ಲಾರಿ ಯಾರದು, ಹೊಣೆ ಯಾರದು?

ಓದುಗರ ಕಾನೂನು ಪ್ರಶ್ನೆಗಳಿಗೆ ಶಿವಮೊಗ್ಗದ ವಕೀಲರೊಬ್ಬರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಲಾರಿಯವೇ. ಪ್ರತಿವರ್ಷ ಅಡಿಕೆ ಸುಗ್ಗಿಯ ಹೊತ್ತಿಗೆ ನನ್ನ ಕಚೇರಿಯ ಬೆಂಚಿನಲ್ಲೂ ಇದೇ ಆಗುತ್ತದೆ. ಮಳೆಗಾಲದಲ್ಲಿ ರಸ್ತೆಯ ಮೇಲೆ ತೀರಿಹೋದವರ, ಕೈಕಾಲು ಕಳೆದುಕೊಂಡವರ ಮನೆಯವರು ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬಂದು ಕೂರುತ್ತಾರೆ. ಅಷ್ಟರಲ್ಲಿ ನಾಲ್ಕೈದು ತಿಂಗಳು ಕಳೆದಿರುತ್ತದೆ, ಯಾರೋ ಒಬ್ಬರು ರಾಜಿಯ ಮಾತಾಡಿರುತ್ತಾರೆ. ನನ್ನ ತಂದೆ 31 ವರ್ಷ ಲಾರಿ ಓಡಿಸಿದವರು. ಹೀಗಾಗಿ ಲಾರಿಗೆ ಸಿಕ್ಕವರ ಸಂಕಟವೂ ಲಾರಿಯೊಳಗೆ ಕುಳಿತವನ ಸಂಕಟವೂ ನನಗೆ ಹೊರಗಿನದಲ್ಲ. ಎರಡೂ ಕಡೆಯ ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನನ್ನ ಗಂಡನಿಗೆ 38 ವರ್ಷ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯುವುದು, ಸುಗ್ಗಿಯಲ್ಲಿ ಕೊನೆ (ಅಡಿಕೆ ಗೊನೆ) ತೆಗೆಯುವುದು ಅವರ ಕೆಲಸವಾಗಿತ್ತು. ಜುಲೈನಲ್ಲಿ ಒಂದು ರಾತ್ರಿ ಶಿವಮೊಗ್ಗದಿಂದ ಬರುವಾಗ ಆಯನೂರು ದಾಟಿದ ಮೇಲೆ ಟಾರಿನ ಮೇಲೆಯೇ ಕೆಟ್ಟು ನಿಂತಿದ್ದ ಲಾರಿಯ ಹಿಂಬದಿಗೆ ಬೈಕು ಬಡಿದು ಅಲ್ಲಿಯೇ ತೀರಿಕೊಂಡರು. ಹಿಂದೆ ಕುಳಿತಿದ್ದ ನನ್ನ ತಮ್ಮನ ಕಾಲು ಮುರಿದಿದೆ. ಲಾರಿಗೆ ದೀಪ ಇರಲಿಲ್ಲ ಎಂದು ತಮ್ಮ ಹೇಳುತ್ತಾನೆ. ಆದರೆ ಪೊಲೀಸರು ನನ್ನ ಗಂಡನ ಮೇಲೆಯೇ ಕೇಸು ದಾಖಲಿಸಿದ್ದಾರೆ. ಲಾರಿ ಮಾಲೀಕರ ಕಡೆಯವರು ‘1 ಲಕ್ಷ ಕೊಡುತ್ತೇವೆ, ಬಾಂಡ್ ಪೇಪರಿಗೆ ಸಹಿ ಮಾಡಿ’ ಎನ್ನುತ್ತಿದ್ದಾರೆ. ಮನೆಯಲ್ಲಿ ಅತ್ತೆ ಮತ್ತು ಇಬ್ಬರು ಸಣ್ಣ ಮಕ್ಕಳಿದ್ದಾರೆ. ಐದು ತಿಂಗಳಾಯಿತು. ಏನು ಮಾಡಲಿ?
— ಆನಂದಪುರದ ಓದುಗರು

ಉತ್ತರ: ಸಹಿ ಮಾಡಬೇಡಿ, ತಾಯಿ. ಉಳಿದ ಮಾತೆಲ್ಲ ಆಮೇಲೆ.

ಆ ಬಾಂಡ್ ಪೇಪರಿನಲ್ಲಿ ಸಾಮಾನ್ಯವಾಗಿ ಎರಡು ಸಾಲು ಇರುತ್ತವೆ. ಅಪಘಾತಕ್ಕೆ ನನ್ನ ಗಂಡನ ಅಜಾಗರೂಕತೆಯೇ ಕಾರಣ ಎನ್ನುವುದು ಒಂದು, ಮುಂದೆ ಯಾವ ತಕರಾರೂ ಇಲ್ಲ ಎನ್ನುವುದು ಇನ್ನೊಂದು. ಕೊಡುವ ಹಣಕ್ಕಿಂತ ಆ ಮೊದಲನೆಯ ಸಾಲೇ ಅವರಿಗೆ ಮುಖ್ಯ. ಇಂತಹ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಬಂದವರನ್ನು ನಾನು ನೋಡಿದ್ದೇನೆ. ಅದನ್ನು ದಾಟಿ ಬರಲು ಮುಂದೆ ವರ್ಷಗಟ್ಟಲೆ ಹೋರಾಡಬೇಕಾಗುತ್ತದೆ. ನಿಮ್ಮ ಮಕ್ಕಳ ಪಾಲನ್ನು ಬಿಟ್ಟುಕೊಡುವ ಅಧಿಕಾರ, ನ್ಯಾಯಾಲಯದ ಅನುಮತಿ ಇಲ್ಲದೆ, ತಾಯಿಯಾದ ನಿಮಗೂ ಇಲ್ಲ ಎಂಬುದನ್ನು ರಾಜಿಗೆ ಬರುವವರಿಗೆ ಹೇಳಿ.

ಗಂಡನ ಮೇಲೆ ಎಫ್‌ಐಆರ್ ಆಗಿದೆ ಎಂದು ಎದೆಗುಂದಬೇಡಿ. ಸತ್ತವರು ಮಾತಾಡುವುದಿಲ್ಲ, ಹಾಗಾಗಿ ಹಿಂದಿನಿಂದ ಬಂದು ಗುದ್ದಿದವರದೇ ತಪ್ಪು ಎಂದು ಬರೆದು, ಆರೋಪಿ ಮೃತನಾಗಿದ್ದಾನೆ ಎಂದು ಕಡತ ಮುಗಿಸುವುದು ಸುಲಭ. ಆದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಪೊಲೀಸರ ತೀರ್ಮಾನಕ್ಕೆ ಕಟ್ಟುಬಿದ್ದಿಲ್ಲ. ಕ್ರಿಮಿನಲ್ ಕೋರ್ಟಿನಂತೆ ಸಂಶಯಕ್ಕೆ ಎಡೆಯಿಲ್ಲದ ಪುರಾವೆಯನ್ನೂ ಅದು ಕೇಳುವುದಿಲ್ಲ. ಯಾವುದು ಹೆಚ್ಚು ಸಂಭವನೀಯ ಎಂದು ತೂಗಿ ನೋಡುತ್ತದೆ. ಇತರರಿಗೆ ಅಪಾಯವಾಗುವಂತೆ ವಾಹನವನ್ನು ರಸ್ತೆಯ ಮೇಲೆ ಬಿಡಬಾರದು ಎಂದು ಮೋಟಾರು ವಾಹನ ಕಾಯ್ದೆಯ 122ನೆಯ ಕಲಮು ಸ್ಪಷ್ಟವಾಗಿ ಹೇಳುತ್ತದೆ. ನಿಂತ ಲಾರಿಗೂ ನಿರ್ಲಕ್ಷ್ಯದ ಹೊಣೆ ಇದೆ.

ಹಾಗಾದರೆ ಪುರಾವೆ ಎಲ್ಲಿದೆ? ಪೊಲೀಸರ ಕಡತದಲ್ಲಿಯೇ ಇದೆ. ಸ್ಥಳ ಮಹಜರು, ಅದರ ಜೊತೆಯ ಕೈನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ, ಈ ಮೂರರ ಪ್ರತಿಗಳನ್ನು ಮೊದಲು ಪಡೆಯಿರಿ. ನಕ್ಷೆಯಲ್ಲಿ ಟಾರಿನ ಅಂಚಿನಿಂದ ಲಾರಿಯ ಹಿಂದಿನ ಬಲಗಾಲಿ ಎಷ್ಟು ಅಡಿ ಒಳಗಿದೆ ಎಂದು ನೋಡಿ. ಹಿಂದೊಮ್ಮೆ ಒಂದು ಪ್ರಕರಣದಲ್ಲಿ ಎಲ್ಲ ಸಾಕ್ಷಿಗಳೂ ನನ್ನ ಕಕ್ಷಿದಾರರ ವಿರುದ್ಧವೇ ಇದ್ದವು. ಆದರೆ ನಕ್ಷೆಯಲ್ಲಿ ಒಂದು ಗೆರೆಯ ಪಕ್ಕ ಹೆಡ್ ಕಾನ್‌ಸ್ಟೆಬಲ್ ‘6 ಅಡಿ’ ಎಂದು ಬರೆದಿದ್ದರು. ಎಡಕ್ಕೆ ಮಣ್ಣಿನ ಜಾಗ ಬೇಕಾದಷ್ಟಿದ್ದರೂ ಲಾರಿ ಆರು ಅಡಿ ಟಾರಿನ ಮೇಲೆ ನಿಂತಿತ್ತು. ಆ ಮನೆಗೆ ಪರಿಹಾರ ತಂದುಕೊಟ್ಟದ್ದು ಆ ಒಂದು ಗೆರೆ. ಇನ್ನು ನಿರೀಕ್ಷಕರ ವರದಿಯಲ್ಲಿ ಹಿಂಬದಿಯ ದೀಪ, ಪ್ರತಿಫಲಕಗಳ ಬಗ್ಗೆ ಏನು ಬರೆದಿದ್ದಾರೆ ನೋಡಿ. ಲಾರಿಯ ಹಿಂದೆ ಸೊಪ್ಪಿನ ಕೊಂಬೆ ಹಾಕಿದ್ದೆವು ಎಂದು ಚಾಲಕ ಹೇಳಬಹುದು. ನಮ್ಮ ಕಡೆಯ ರೂಢಿ ಅದು, ನನ್ನ ತಂದೆಯೂ ಹಾಕುತ್ತಿದ್ದರು. ಆದರೆ ಜುಲೈ ರಾತ್ರಿಯ ಜಡಿಮಳೆಯಲ್ಲಿ ಕಪ್ಪು ಟಾರಿನ ಮೇಲಿನ ಹಸಿರು ಸೊಪ್ಪು ಕಾಣುವುದಿಲ್ಲ. ಎಚ್ಚರಿಕೆಯ ದೀಪ ಮಿನುಗುತ್ತಿತ್ತೇ, ಪ್ರತಿಫಲಿಸುವ ತ್ರಿಕೋನ ಇಟ್ಟಿದ್ದರೇ ಎಂದು ನಿಮ್ಮ ವಕೀಲರು ಪಾಟಿ ಸವಾಲಿನಲ್ಲಿ ಕೇಳಬೇಕು.

ಗಂಡನೂ ವೇಗದಲ್ಲಿದ್ದರು ಎಂದು ನ್ಯಾಯಮಂಡಳಿಗೆ ಅನಿಸಿದರೆ ಅವರ ಪಾಲಿನ ತಪ್ಪಿಗೆ ತಕ್ಕಷ್ಟು ಕಡಿತವಾಗುತ್ತದೆ. ತಮ್ಮನಿಗೆ ಆ ಕಡಿತವಿಲ್ಲ. ಅವನು ಹಿಂದೆ ಕುಳಿತವನು, ಎರಡು ವಾಹನಗಳ ತಪ್ಪಿನ ನಡುವೆ ಸಿಕ್ಕವನು. ಅಂಥವನು ಪೂರ್ತಿ ಮೊತ್ತವನ್ನು ಯಾರೊಬ್ಬರಿಂದಲಾದರೂ ಪಡೆಯಬಹುದು ಎಂದು 2015ರಲ್ಲಿ ಖೆನ್ಯೇಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅವನ ಅರ್ಜಿಯನ್ನು ಬೇರೆಯಾಗಿಯೇ ಹಾಕಿ.

ಈಗ ಲೆಕ್ಕಕ್ಕೆ ಬರೋಣ. 1 ಲಕ್ಷ ಎಂದರೆ ಎಷ್ಟು ಕಡಿಮೆ ಎಂಬುದು ನಿಮಗೆ ತಿಳಿಯಬೇಕು. ಗಂಡನ ಆದಾಯ ತಿಂಗಳಿಗೆ 15,000 ರೂಪಾಯಿ ಎಂದು ಒಪ್ಪಿದರು ಎಂದಿಟ್ಟುಕೊಳ್ಳಿ. ಸ್ವಂತ ದುಡಿಮೆಯವರಿಗೆ, 40 ವರ್ಷದೊಳಗಿನವರಾದರೆ, ಭವಿಷ್ಯದ ಏರಿಕೆಗೆಂದು ಶೇ 40 ಸೇರಿಸಬೇಕು ಎಂಬುದು 2017ರ ಪ್ರಣಯ್ ಸೇಠಿ ತೀರ್ಪು. ಆಗ 21,000 ಆಯಿತು. ಅವಲಂಬಿತರು ನಾಲ್ವರು, ಆದ್ದರಿಂದ ಅವರ ಸ್ವಂತ ಖರ್ಚಿಗೆಂದು ಕಾಲು ಭಾಗ ಕಳೆದರೆ 15,750. ವರ್ಷಕ್ಕೆ 1,89,000. 36ರಿಂದ 40 ವರ್ಷದವರಿಗೆ 2009ರ ಸರಳಾ ವರ್ಮಾ ತೀರ್ಪಿನ ಪ್ರಕಾರ ಗುಣಕ 15, ಅಂದರೆ ವರ್ಷದ ಮೊತ್ತವನ್ನು 15ರಿಂದ ಗುಣಿಸಬೇಕು. ಒಟ್ಟು 28,35,000 ರೂಪಾಯಿ. ನಿಮಗೆ, ಮಕ್ಕಳಿಗೆ, ಅತ್ತೆಗೆ ಬಾಂಧವ್ಯ ನಷ್ಟದ ಹಣ ಹಾಗೂ ಅಂತ್ಯಸಂಸ್ಕಾರದ ವೆಚ್ಚ ಇದರ ಮೇಲೆ ಬರುತ್ತವೆ. ಗಂಡನ ತಪ್ಪು ಕಾಲು ಭಾಗ ಎಂದು ಕಳೆದರೂ 21 ಲಕ್ಷ ದಾಟುತ್ತದೆ. ಕೊನೆ ತೆಗೆಯುವವರಿಗೆ ಸಂಬಳದ ಚೀಟಿ ಇರುವುದಿಲ್ಲ. ಅವರು ಕೆಲಸ ಮಾಡಿದ ತೋಟದ ಮಾಲೀಕರಲ್ಲಿ ಇಬ್ಬರು ಬಂದು ತಮ್ಮ ಲೆಕ್ಕದ ಪುಸ್ತಕ ತೋರಿಸಿ ಸಾಕ್ಷಿ ಹೇಳಲಿ. ಅದೂ ಆಗದಿದ್ದರೆ ಲೋಕ ಅದಾಲತ್‌ಗಾಗಿ ರಾಜ್ಯ ಕಾನೂನು ಸೇವಾ ಪ್ರಾಧಿಕಾರ ಮಾಡಿರುವ ವರ್ಷವಾರು ಆದಾಯದ ಪಟ್ಟಿಯನ್ನು ನ್ಯಾಯಾಲಯಗಳು ನೋಡುತ್ತವೆ.

ಈ ಹಣ ಲಾರಿ ಮಾಲೀಕರ ಜೇಬಿನಿಂದಲೇ ಬರಬೇಕಿಲ್ಲ. ಚಾಲಕನ ತಪ್ಪಿಗೆ ಮಾಲೀಕ ಹೊಣೆ, ವಿಮೆ ಚಾಲ್ತಿಯಲ್ಲಿದ್ದರೆ ಮಾಲೀಕನ ಹೊಣೆಯನ್ನು ವಿಮಾ ಕಂಪನಿ ಹೊರುತ್ತದೆ. ಚಾಲಕನ ಲೈಸೆನ್ಸ್ ನಕಲಿ ಎಂದೋ ಪರ್ಮಿಟ್ ಇಲ್ಲವೆಂದೋ ಕಂಪನಿ ತಕರಾರು ತೆಗೆದರೂ, ಮೊದಲು ನಿಮಗೆ ಹಣ ಕೊಟ್ಟು ಆಮೇಲೆ ಮಾಲೀಕರಿಂದ ವಸೂಲು ಮಾಡಿಕೊಳ್ಳಿ ಎಂದು ಆದೇಶಿಸುವ ದಾರಿ ಇದೆ. ಗಂಡನ ಬೈಕಿನ ವಿಮಾ ಪತ್ರವನ್ನೂ ಹುಡುಕಿ. ಬೈಕು ಅವರ ಹೆಸರಿನಲ್ಲಿದ್ದು, ಲೈಸೆನ್ಸ್ ಇದ್ದು, ಮಾಲೀಕ-ಚಾಲಕರ ವೈಯಕ್ತಿಕ ಅಪಘಾತ ವಿಮೆ ಕಟ್ಟಿದ್ದರೆ ಅದರ 15 ಲಕ್ಷ ಬೇರೆಯಾಗಿ ಬರುತ್ತದೆ. ಎಷ್ಟೋ ಮನೆಗಳಲ್ಲಿ ಈ ಕಾಗದ ಬೈಕಿನ ಡಬ್ಬಿಯಲ್ಲೇ ನೆನೆದು ಹಾಳಾಗುತ್ತದೆ.

ಕೊನೆಯದಾಗಿ ದಿನದ ಲೆಕ್ಕ. 2022ರ ಏಪ್ರಿಲ್ 1ರಿಂದ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬ ನಿಯಮ ಮರಳಿ ಬಂದಿದೆ. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ. ತಡವಾಯಿತೆಂಬ ಕಾರಣಕ್ಕೇ ಅರ್ಜಿಗಳನ್ನು ವಜಾ ಮಾಡಬಾರದು ಎಂದು 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶವೂ ಆಗಿದೆ. ಅದನ್ನು ನಂಬಿ ಕೂರಬೇಡಿ, ಈ ತಿಂಗಳೇ ಅರ್ಜಿ ಹಾಕಿ. ನೀವು ವಾಸವಿರುವ ಕಡೆಯೇ ಹಾಕಬಹುದು, ಶಿವಮೊಗ್ಗಕ್ಕೇ ಬರಬೇಕೆಂದಿಲ್ಲ.

ಪ್ರಶ್ನೆ: ಸೆಪ್ಟೆಂಬರ್‌ನಲ್ಲಿ ಹರಕೆ ತೀರಿಸಲು ನಾವು ಹದಿನಾಲ್ಕು ಜನ ಊರಿನವರದೇ ಸರಕಿನ ಪಿಕಪ್‌ನಲ್ಲಿ ಸಿಗಂದೂರಿಗೆ ಹೊರಟಿದ್ದೆವು. ತಿರುವಿನಲ್ಲಿ ಗಾಡಿ ಮಗುಚಿ ಒಬ್ಬರು ತೀರಿಕೊಂಡರು, ನನ್ನ ತಾಯಿಗೆ ಬೆನ್ನುಮೂಳೆ ಮುರಿದಿದೆ. ವಿಮೆ ಇದೆ. ಆದರೂ ವಿಮೆಯವರು ಕೊಡುವುದಿಲ್ಲ ಎನ್ನುತ್ತಾರೆ. ಕೂಲಿ ಕೆಲಸಕ್ಕೆ, ಲೋಡಿಂಗ್‌ಗೆ ಹೋಗುತ್ತಿದ್ದೆವು ಎಂದು ಹೇಳಿದರೆ ಸಿಗುತ್ತದೆ ಎಂದು ಒಬ್ಬರು ಹೇಳಿದರು. ನಿಜವೇ?
— ಹೊಸನಗರ ತಾಲ್ಲೂಕಿನ ಓದುಗರು

ಉತ್ತರ: ನಿಮಗೆ ಹಿತವಾಗುವ ಉತ್ತರ ನನ್ನಲ್ಲಿಲ್ಲ, ಆದರೆ ಸರಿಯಾದ ಉತ್ತರ ಇದೆ. ಸರಕು ಸಾಗಣೆಯ ವಾಹನದಲ್ಲಿ ಹೋಗುವ ಪ್ರಯಾಣಿಕರಿಗೆ, ಬಾಡಿಗೆ ಕೊಟ್ಟಿರಲಿ ಬಿಟ್ಟಿರಲಿ, ಥರ್ಡ್ ಪಾರ್ಟಿ ವಿಮೆಯ ರಕ್ಷಣೆ ಇಲ್ಲ. ಆಶಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿ ಎರಡು ದಶಕ ಕಳೆದಿದೆ. ರಕ್ಷಣೆ ಇರುವುದು ಆ ವಾಹನದ ಕೆಲಸದವರಿಗೆ, ಮತ್ತು ತನ್ನ ಸರಕಿನ ಜೊತೆ ಹೋಗುವ ಸರಕಿನ ಮಾಲೀಕನಿಗೆ ಅಥವಾ ಅವನು ಕಳಿಸಿದ ಪ್ರತಿನಿಧಿಗೆ. ಅವರು ಕೂಡ ಕ್ಯಾಬಿನ್‌ನಲ್ಲಿ ಕುಳಿತಿರಬೇಕು, ಸರಕಿನ ಮೇಲೆ ಹತ್ತಿ ಕುಳಿತವರಿಗೆ ಅದೂ ಕಷ್ಟವೇ.

ಸುಳ್ಳು ಹೇಳುವ ಸಲಹೆಯನ್ನು ದಯವಿಟ್ಟು ಕೇಳಬೇಡಿ. ಆ ರಾತ್ರಿ ಆಸ್ಪತ್ರೆಗೆ ಹೋದಾಗ ಕರ್ತವ್ಯದ ವೈದ್ಯರು ಗಾಯದ ವಹಿಯಲ್ಲಿ ಒಂದು ಸಾಲು ಬರೆದುಕೊಂಡಿರುತ್ತಾರೆ: ಎಲ್ಲಿಗೆ ಹೋಗುತ್ತಿದ್ದಿರಿ, ಹೇಗೆ ಬಿದ್ದಿರಿ ಎಂದು ಕೇಳಿ, ನೋವಿನಲ್ಲಿ ನೀವು ಹೇಳಿದ್ದನ್ನೇ ಬರೆದಿರುತ್ತಾರೆ. ‘ಸಿಗಂದೂರಿಗೆ ಹೋಗುವಾಗ’ ಎಂದು ಅಲ್ಲಿರುತ್ತದೆ. ಮೊದಲ ದೂರಿನಲ್ಲೂ ಅದೇ ಇರುತ್ತದೆ. ವಿಮೆಯ ವಕೀಲರು ಮೊದಲು ತೆಗೆಯುವ ಪುಟವೇ ಅದು. ಹದಿನಾಲ್ಕು ಜನರಲ್ಲಿ ಹತ್ತು ಮಂದಿ ಹೆಂಗಸರು, ಮುದುಕರಾಗಿದ್ದರೆ ಹಮಾಲಿಗಳು ಎಂದರೆ ಯಾರು ನಂಬುತ್ತಾರೆ? ಸುಳ್ಳು ಹಿಡಿದುಬಿದ್ದ ಮೇಲೆ ನಿಮ್ಮ ತಾಯಿಯ ಬೆನ್ನುನೋವಿನ ನಿಜವನ್ನೂ ಅನುಮಾನದಿಂದ ನೋಡುತ್ತಾರೆ.

ಆದರೆ ದಾರಿ ಮುಚ್ಚಿಲ್ಲ. ವಾಹನದ ಮಾಲೀಕರ ಹೊಣೆ ಹಾಗೆಯೇ ಉಳಿಯುತ್ತದೆ, ಅವರ ಆಸ್ತಿಯಿಂದ ವಸೂಲಿ ಮಾಡಬಹುದು. ಜೊತೆಗೆ ವಿಮಾ ಕಂಪನಿಯನ್ನೂ ಎದುರುದಾರರನ್ನಾಗಿ ಸೇರಿಸಿ, ಮೊದಲು ಕೊಟ್ಟು ಆಮೇಲೆ ಮಾಲೀಕರಿಂದ ವಸೂಲು ಮಾಡಿಕೊಳ್ಳುವಂತೆ ಆದೇಶಿಸಿ ಎಂದು ಕೇಳಿ. ಸರಕು ವಾಹನದಲ್ಲಿ ಪುಕ್ಕಟೆ ಹೋದವರ ವಿಷಯದಲ್ಲೂ 2013ರ ಸಾಜು ಪಿ. ಪೌಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಗೆ ಆದೇಶಿಸಿತ್ತು. ಅದು ನಿಮ್ಮ ಹಕ್ಕಲ್ಲ, ನ್ಯಾಯಾಲಯ ತೋರುವ ಕರುಣೆ. ಆದರೂ ಕೇಳಬೇಕು. ತಾಯಿ ಗೃಹಿಣಿ, ಆದಾಯವಿಲ್ಲ ಎಂದು ಯಾರಾದರೂ ಅಂದರೆ ಒಪ್ಪಬೇಡಿ. ಗೃಹಿಣಿಯ ದುಡಿಮೆಗೂ ಆದಾಯ ಕಟ್ಟಬೇಕು ಎಂದು 2021ರ ಕೀರ್ತಿ ಪ್ರಕರಣದ ತೀರ್ಪು ಇದೆ.

2025ರ ಜುಲೈನಲ್ಲಿ ಸಿಗಂದೂರು ದಾರಿಯ ಶರಾವತಿ ಹಿನ್ನೀರಿನ ಸೇತುವೆ ಆದ ಮೇಲೆ ಲಾಂಚಿಗೆ ಕಾಯುವ ತಾಪತ್ರಯ ತಪ್ಪಿದೆ. ಹತ್ತಾರು ಜನ ಪಿಕಪ್ ಹತ್ತಿ ಹೊರಡುವುದು ಇನ್ನೂ ಹೆಚ್ಚಾಗಿದೆ ಎಂದು ನನಗೆ ಅನಿಸುತ್ತಿದೆ. ಓದುವವರಲ್ಲಿ ನನ್ನ ಬೇಡಿಕೆ ಇಷ್ಟೇ. ಎರಡು ಸಾವಿರ ಹೆಚ್ಚಾದರೂ ಪ್ರಯಾಣಿಕರ ಪರ್ಮಿಟ್ ಇರುವ ವಾಹನ ಮಾಡಿ.

ಪ್ರಶ್ನೆ: 40 ವರ್ಷದ ಲಾರಿ ಚಾಲಕ ನಾನು. 2025ರ ಜೂನ್‌ನಲ್ಲಿ ಹುಲಿಕಲ್ ಘಾಟಿ ಇಳಿಯುವಾಗ ಬ್ರೇಕ್ ಸಿಗದೆ ಲಾರಿಯನ್ನು ರಸ್ತೆ ಬದಿಯ ಗುಡ್ಡದ ದರೆಗೆ ಒರಗಿಸಿದೆ. ಬಲಗಾಲು ಮಂಡಿಯ ಮೇಲೆ ಕತ್ತರಿಸಿದ್ದಾರೆ. ‘ತಪ್ಪು ನಿನ್ನದೇ, ವಿಮೆಯಲ್ಲಿ ಏನೂ ಬರುವುದಿಲ್ಲ’ ಎಂದು ಮಾಲೀಕರು ಹೇಳುತ್ತಾರೆ.
— ರಿಪ್ಪನ್‌ಪೇಟೆಯ ಓದುಗರು

ಉತ್ತರ: ಮಾಲೀಕರ ಮಾತು ತಪ್ಪು. ಬ್ರೇಕ್ ಹೋದಾಗ ಎಡಗಡೆಯ ಪ್ರಪಾತಕ್ಕೆ ಬಿಡದೆ ದರೆಗೆ ಒರಗಿಸಿದಿರಲ್ಲ, ಎದುರಿನಿಂದ ಬರುತ್ತಿದ್ದವರೆಲ್ಲ ಉಳಿದದ್ದು ಅದರಿಂದ. ಚಿಕ್ಕಂದಿನಲ್ಲಿ ತಂದೆಯ ಜೊತೆ ಅದೇ ಘಾಟಿಯಲ್ಲಿ ನಾನು ಹೋಗಿದ್ದೇನೆ. ಏರಿನಲ್ಲಿ ನಿಂತಾಗಲೆಲ್ಲ ಕ್ಲೀನರ್ ಜಿಗಿದು ಹಿಂದಿನ ಚಕ್ರಕ್ಕೆ ಅಡೆಗಲ್ಲು ಕೊಡುತ್ತಿದ್ದ, ಬ್ರೇಕಿನ ಡ್ರಮ್ಮಿನಿಂದ ಸುಟ್ಟ ವಾಸನೆ ಕ್ಯಾಬಿನ್‌ಗೆ ಬರುತ್ತಿತ್ತು. ಆ ವಾಸನೆ ಇವತ್ತಿಗೂ ನನಗೆ ನೆನಪಿದೆ.

ಅಪಘಾತ ಪರಿಹಾರದ ಸಾಮಾನ್ಯ ಅರ್ಜಿಯಲ್ಲಿ ಇನ್ನೊಬ್ಬರ ತಪ್ಪನ್ನು ತೋರಿಸಬೇಕು. ನಿಮ್ಮ ಪ್ರಕರಣದಲ್ಲಿ ಅದು ಕಷ್ಟ. ಆದರೆ 1923ರ ನೌಕರರ ಪರಿಹಾರ ಕಾಯ್ದೆಯಲ್ಲಿ ತಪ್ಪಿನ ಪ್ರಶ್ನೆಯೇ ಬರುವುದಿಲ್ಲ. ಕೆಲಸದಲ್ಲಿದ್ದಾಗ, ಕೆಲಸದ ಕಾರಣಕ್ಕೆ ಆದ ಗಾಯವೇ ಎಂಬುದಷ್ಟೇ ಪ್ರಶ್ನೆ. (ಕುಡಿದು ಓಡಿಸಿದ್ದರೆ ಬೇರೆ ಮಾತು.) 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ನಿಮ್ಮ ಅಪಘಾತ ಅದಕ್ಕೂ ಮೊದಲಿನದು, ಆದ್ದರಿಂದ ಹಳೆಯ ಕಾಯ್ದೆಯ ಹಕ್ಕೇ ನಿಮ್ಮದು. ಅರ್ಜಿಗೆ ಎರಡು ವರ್ಷದ ಅವಧಿ ಇದೆ. ಚಾಲಕನ ಮಟ್ಟಿಗೆ ಈ ಹೊಣೆಯನ್ನು ಲಾರಿಯ ಕಡ್ಡಾಯ ವಿಮೆಯೇ ಹೊರುತ್ತದೆ. ಹೀಗಾಗಿ ಮಾಲೀಕರು ಹೆದರಬೇಕಾದ ಕಾರಣವೂ ಇಲ್ಲ.

ವೈದ್ಯರು ಶೇ 60 ಅಥವಾ 70 ಅಂಗವೈಕಲ್ಯ ಎಂದು ಬರೆದಿರಬಹುದು. ಅದಕ್ಕೇ ನಿಲ್ಲಬೇಡಿ. ಗಾಯವಾದಾಗ ಮಾಡುತ್ತಿದ್ದ ಕೆಲಸವನ್ನು ಮತ್ತೆ ಮಾಡಲಾಗದಿದ್ದರೆ ಅದು ಸಂಪೂರ್ಣ ಅಂಗವೈಕಲ್ಯ ಎಂದು 1975ರಲ್ಲೇ, ಎಡಗೈ ಕಳೆದುಕೊಂಡ ಬಡಗಿಯೊಬ್ಬನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಲಗಾಲಿಲ್ಲದೆ ಲಾರಿ ಓಡಿಸುವುದು ಹೇಗೆ? ಲೆಕ್ಕ ಹೀಗೆ: ಸಂಬಳ 15,000ಕ್ಕಿಂತ ಹೆಚ್ಚಿದ್ದರೂ ಕಾಯ್ದೆ 15,000ವನ್ನೇ ಗರಿಷ್ಠವೆಂದು ಹಿಡಿಯುತ್ತದೆ. ಸಂಪೂರ್ಣ ಅಂಗವೈಕಲ್ಯಕ್ಕೆ ಅದರ ಶೇ 60, ಅಂದರೆ 9,000ವನ್ನು ಕಾಯ್ದೆಯ ಪಟ್ಟಿಯಲ್ಲಿ 40 ವರ್ಷಕ್ಕೆ ಕೊಟ್ಟಿರುವ 184.17ರಿಂದ ಗುಣಿಸಿದರೆ 16,57,530 ರೂಪಾಯಿ. ತಡ ಮಾಡಿದ್ದಕ್ಕೆ ವರ್ಷಕ್ಕೆ ಶೇ 12 ಬಡ್ಡಿ. ನೀವು ಆ ಲಾರಿಯ ಚಾಲಕರಾಗಿದ್ದಿರಿ ಎಂಬುದಕ್ಕೆ ಬ್ಯಾಂಕಿಗೆ ಬಂದ ಸಂಬಳ, ಟ್ರಿಪ್ ಶೀಟ್, ಮಾಲೀಕರ ಮೊಬೈಲ್ ಸಂದೇಶ, ಏನಿದ್ದರೂ ತೆಗೆದಿಡಿ.

ಪ್ರಶ್ನೆ: ಎರಡು ವರ್ಷದ ಹಿಂದೆ ನನ್ನ ಹತ್ತು ಚಕ್ರದ ಲಾರಿಯನ್ನು ದಾವಣಗೆರೆಯವರಿಗೆ ಮಾರಿದೆ. ನೋಟರಿ ಕಾಗದ ಆಗಿದೆ, ಆರ್‌ಸಿ (ನೋಂದಣಿ ಪತ್ರ) ಬದಲಾಗಿಲ್ಲ. ಈಗ ಅಪಘಾತವಾಗಿ ನನಗೆ ನ್ಯಾಯಾಲಯದ ನೋಟಿಸು ಬಂದಿದೆ.
— ಭದ್ರಾವತಿಯ ಓದುಗರು

ಉತ್ತರ: ಕಾನೂನಿನ ಕಣ್ಣಿಗೆ ಮಾಲೀಕರು ಇನ್ನೂ ನೀವೇ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಹೊಣೆ ಎಂದು 2018ರ ನವೀನ್ ಕುಮಾರ್ ತೀರ್ಪು ಹೇಳುತ್ತದೆ. ಮಾರಿದವರು 14 ದಿನದೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು ಎಂಬುದು ಇದಕ್ಕಾಗಿಯೇ ಇರುವ ನಿಯಮ. ನೋಟಿಸನ್ನು ಮಡಿಚಿಟ್ಟು ಸುಮ್ಮನಾಗಬೇಡಿ. ಹಾಜರಾಗದಿದ್ದರೆ ಏಕಪಕ್ಷೀಯವಾಗಿ ಆದೇಶವಾಗುತ್ತದೆ. ಅಪಘಾತದ ದಿನ ವಿಮೆ ಚಾಲ್ತಿಯಲ್ಲಿತ್ತೇ ಎಂದು ಇವತ್ತೇ ವಿಚಾರಿಸಿ. ಇದ್ದರೆ ಕಂಪನಿ ಹೊರುತ್ತದೆ. ಇಲ್ಲದಿದ್ದರೆ ನೀವು ಕಟ್ಟಿ, ಕೊಂಡವರ ಮೇಲೆ ಬೇರೆ ದಾವೆ ಹೂಡಿ ವಸೂಲು ಮಾಡಬೇಕಾದೀತು. ನೋಟರಿ ಕಾಗದ ಉಪಯೋಗಕ್ಕೆ ಬರುವುದು ಆಗ.

ಪ್ರಶ್ನೆ: ಟ್ರಾನ್ಸ್‌ಪೋರ್ಟ್ ಸಂಸ್ಥೆಯ ಲಾರಿ ಮಗುಚಿ ನಾನು ಕಳಿಸಿದ 22 ಮೂಟೆ ರಾಶಿ ಅಡಿಕೆ ಹಳ್ಳದ ಪಾಲಾಯಿತು. ಪೂರ್ತಿ ಬೆಲೆ ಸಿಗುತ್ತದೆಯೇ?
— ತೀರ್ಥಹಳ್ಳಿಯ ಓದುಗರು

ಉತ್ತರ: ಬೆಲೆ ಘೋಷಿಸಿ ಅದಕ್ಕೆ ತಕ್ಕ ಹೆಚ್ಚಿನ ದರ ಕೊಟ್ಟಿರದಿದ್ದರೆ ಪೂರ್ತಿ ಸಿಗುವುದಿಲ್ಲ. 2007ರ ರಸ್ತೆ ಸಾಗಣೆ ಕಾಯ್ದೆಯಲ್ಲಿ ಸಾಗಣೆದಾರರ ನಿರ್ಲಕ್ಷ್ಯವನ್ನು ನೀವು ಸಾಬೀತು ಮಾಡಬೇಕಿಲ್ಲ ಎಂಬುದು ನಿಜ. ಆದರೆ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ಮೂಟೆಗೆ 150 ರೂಪಾಯಿ ಬಾಡಿಗೆಯಾದರೆ ಮೂಟೆಗೆ 1,500 ಮಾತ್ರ. ಅಡಿಕೆಯ ಬೆಲೆಯ ಮುಂದೆ ಅದು ಏನೂ ಅಲ್ಲ. ಸರಕು ಬುಕ್ ಮಾಡಿದ 180 ದಿನದೊಳಗೆ ಲಿಖಿತ ನೋಟಿಸು ಕೊಡದಿದ್ದರೆ ದಾವೆಯೇ ನಿಲ್ಲುವುದಿಲ್ಲ. ಮೊದಲು ಅದನ್ನು ಕಳಿಸಿ. ಖರೀದಿದಾರರು ಸಾಗಣೆ ವಿಮೆ ಮಾಡಿಸಿದ್ದಾರೆಯೇ ಎಂದೂ ಕೇಳಿ.

ಪ್ರಶ್ನೆ: ನಂಬರ್ ಗೊತ್ತಾಗದ ನಾಟಾ ಲಾರಿ ನನ್ನ ಅಣ್ಣನಿಗೆ ಗುದ್ದಿ ಹೋಯಿತು, ಅಣ್ಣ ಉಳಿಯಲಿಲ್ಲ. ಯಾರ ಮೇಲೆ ಕೇಸು ಹಾಕುವುದು?
— ಸೊರಬದ ಓದುಗರು

ಉತ್ತರ: ಗುದ್ದಿ ಓಡಿದ ವಾಹನ ಪತ್ತೆಯಾಗದಿದ್ದರೆ 2022ರ ಯೋಜನೆಯಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಸಿಗುತ್ತದೆ. ಅರ್ಜಿಯನ್ನು ಕೋರ್ಟಿಗಲ್ಲ, ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರರ ಕಚೇರಿಗೆ ಕೊಡಬೇಕು. ಹತ್ತಿರದ ಪೆಟ್ರೋಲ್ ಬಂಕ್, ಅರಣ್ಯ ತಪಾಸಣಾ ಠಾಣೆಗಳ ಕ್ಯಾಮೆರಾ ದೃಶ್ಯಗಳನ್ನು ಪಡೆಯುವಂತೆ ಪೊಲೀಸರಿಗೆ ಬರಹದಲ್ಲೇ ಕೇಳಿ. ಅವು ಹೆಚ್ಚು ದಿನ ಉಳಿಯುವುದಿಲ್ಲ. ಲಾರಿ ಸಿಕ್ಕರೆ ಪೂರ್ತಿ ಪರಿಹಾರಕ್ಕೆ ಅರ್ಜಿ ಹಾಕಬಹುದು.

ಪ್ರಶ್ನೆ: ಅಪಘಾತವಾದರೆ ಚಾಲಕ ನಿಲ್ಲಬೇಕು ಎನ್ನುತ್ತಾರೆ. ನಿಂತರೆ ಜನ ಹೊಡೆಯುತ್ತಾರೆ. ಓಡಿದರೆ ಹತ್ತು ವರ್ಷ ಜೈಲು ಎಂದು ಕೇಳಿದ್ದೇನೆ. ನಾವು ಏನು ಮಾಡಬೇಕು?
— ಸಾಗರದ ಲಾರಿ ಚಾಲಕರೊಬ್ಬರು

ಉತ್ತರ: ಹತ್ತು ವರ್ಷದ ಆ ಉಪಕಲಮು, ಭಾರತೀಯ ನ್ಯಾಯ ಸಂಹಿತೆಯ 106(2), ಪುಸ್ತಕದಲ್ಲಿದೆ. 2024ರ ಜನವರಿಯ ಚಾಲಕರ ಮುಷ್ಕರದ ನಂತರ ಅದನ್ನು ಜಾರಿಗೆ ತಂದಿಲ್ಲ. ನಿರ್ಲಕ್ಷ್ಯದ ಸಾವಿಗೆ 106(1)ರಲ್ಲಿ ಗರಿಷ್ಠ ಐದು ವರ್ಷ ಇದೆ. ಗಾಯಾಳುವಿಗೆ ಚಿಕಿತ್ಸೆ ಕೊಡಿಸಬೇಕು ಎಂದು ಹೇಳುವ ಮೋಟಾರು ವಾಹನ ಕಾಯ್ದೆಯ 134ನೆಯ ಕಲಮು, ಗುಂಪಿನ ಆಕ್ರೋಶದಿಂದ ಅದು ಸಾಧ್ಯವಾಗದಿದ್ದರೆ ಎಂಬ ವಿನಾಯಿತಿಯನ್ನೂ ಕೊಟ್ಟಿದೆ. ನಿಮ್ಮ ಭಯ ಕಾನೂನಿಗೆ ತಿಳಿದಿದೆ. ಪ್ರಾಣಭಯವಿದ್ದರೆ ಅಲ್ಲಿಂದ ಸರಿಯಿರಿ, ಆದರೆ ಮನೆಗಲ್ಲ, ನೇರವಾಗಿ ಹತ್ತಿರದ ಠಾಣೆಗೆ ಹೋಗಿ. ತಡವಾದರೂ 24 ಗಂಟೆಯೊಳಗೆ ವರದಿ ಕೊಡಲೇಬೇಕು. ಹೊರಡುವ ಮೊದಲೇ 108ಕ್ಕೆ, ಆಮೇಲೆ 112ಕ್ಕೆ ಕರೆ ಮಾಡಿ, ಜಾಗ ಯಾವುದೆಂದು ತಿಳಿಯುವಂತೆ ಕಿಲೋಮೀಟರ್ ಕಲ್ಲಿನ ಸಂಖ್ಯೆ ಹೇಳಿ. ಆ ಎರಡು ಕರೆಗಳ ದಾಖಲೆ ನಿಮ್ಮ ಮೊಬೈಲಿನಲ್ಲಿ ಉಳಿದಿರುತ್ತದೆ. ಪ್ರಕರಣ ಮುಗಿಯುವವರೆಗೆ ಅದನ್ನು ಅಳಿಸಬೇಡಿ.